ಸಂಶೋಧನ ಪ್ರಬಂಧದಲ್ಲಿ ಆಕರ ನಮೂದು ಮತ್ತು ಹಕ್ಕುಸ್ವಾಮ್ಯ: ಮೊದಲ ಟಿಪ್ಪಣಿಯಿಂದ ಸಲ್ಲಿಕೆಯವರೆಗೆ

ಕನ್ನಡದಲ್ಲಿ ಎಂ.ಎ. ಕಿರುಪ್ರಬಂಧವನ್ನೋ ಪಿಎಚ್‌ಡಿ ಮಹಾಪ್ರಬಂಧವನ್ನೋ ಬರೆಯುವವರ ಕರಡು ಮಾರ್ಗದರ್ಶಕರಿಂದ ಮರಳಿ ಬಂದಾಗ ಅದರ ಅಂಚಿನಲ್ಲಿ ಕಾಣುವ ಷರಾಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಇದು ಯಾರ ಮಾತು, ಪುಟಸಂಖ್ಯೆ ಎಲ್ಲಿ, ಯಾವ ಮುದ್ರಣ, ಈ ಪುಸ್ತಕವನ್ನು ನೀವೇ ನೋಡಿದ್ದೀರಾ. ನಿಯಮ ಗೊತ್ತಿಲ್ಲದೆ ಆಗುವ ತಪ್ಪುಗಳು ಇವುಗಳಲ್ಲಿ ಕಡಿಮೆ. ಕೆಲಸದ ಕ್ರಮ ತಪ್ಪಿದ್ದರಿಂದ ಆಗುವುವೇ ಹೆಚ್ಚು. ಓದುವ ಹೊತ್ತಿಗೇ ಬರೆದಿಟ್ಟುಕೊಳ್ಳಬೇಕಾದ ವಿವರವನ್ನು ಸಲ್ಲಿಕೆಯ ವಾರದಲ್ಲಿ ಹುಡುಕಲು ಹೊರಟರೆ ಪುಸ್ತಕ ಗ್ರಂಥಾಲಯಕ್ಕೆ ಹೋಗಿರುತ್ತದೆ, ಟಿಪ್ಪಣಿಯಲ್ಲಿರುವ ವಾಕ್ಯ ತನ್ನದೋ ಲೇಖಕರದೋ ಎಂಬುದೂ ಮರೆತಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕು.

ಮೊದಲು ಬೇರ್ಪಡಿಸಬೇಕಾದ ಎರಡು ಪ್ರಶ್ನೆಗಳು

ಆಕರವನ್ನು ನಮೂದಿಸುವುದು ಒಂದು ಹೊಣೆ, ಹಕ್ಕುದಾರರ ಅನುಮತಿ ಪಡೆಯುವುದು ಇನ್ನೊಂದು ಹೊಣೆ. ಒಂದನ್ನು ಮಾಡಿದ ಮಾತ್ರಕ್ಕೆ ಇನ್ನೊಂದು ತೀರುವುದಿಲ್ಲ. ಪಂಪನ ಪದ್ಯವನ್ನು ಉದ್ಧರಿಸಲು ಯಾರ ಅನುಮತಿಯೂ ಬೇಡ, ಆದರೆ ಆಕರವನ್ನು ಹೇಳದೆ ಬಳಸಿದರೆ ಅದು ಕೃತಿಚೌರ್ಯವೇ. ಇದಕ್ಕೆ ಪ್ರತಿಯಾಗಿ, ಈಗ ಬದುಕಿರುವ ಕವಿಯೊಬ್ಬರ ಇಡೀ ಸಂಕಲನವನ್ನು ಅನುಬಂಧದಲ್ಲಿ ಅಚ್ಚುಹಾಕಿ, ಕೆಳಗೆ ಅವರ ಹೆಸರು, ಪ್ರಕಾಶನ, ವರ್ಷ ಎಲ್ಲವನ್ನೂ ಚೊಕ್ಕವಾಗಿ ಬರೆದರೂ ಹಕ್ಕುಸ್ವಾಮ್ಯದ ಉಲ್ಲಂಘನೆ ಆಗಿಯೇ ಆಗುತ್ತದೆ. ಕೃತಿಚೌರ್ಯವನ್ನು ವಿಶ್ವವಿದ್ಯಾಲಯ ವಿಚಾರಿಸುತ್ತದೆ, ಹಕ್ಕುಸ್ವಾಮ್ಯವನ್ನು 1957ರ ಕಾಯಿದೆಯಡಿ ನ್ಯಾಯಾಲಯ ವಿಚಾರಿಸುತ್ತದೆ. ಮುಂದಿನ ಯಾವ ಹಂತದಲ್ಲಿ ಸಂದೇಹ ಬಂದರೂ, ಅದು ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಮೊದಲು ಕೇಳಿಕೊಳ್ಳಿ.

ಬೇಕಾಗುವ ಸಾಮಗ್ರಿ

ವಿಶ್ವವಿದ್ಯಾಲಯದ ಪ್ರಬಂಧ ರಚನೆಯ ಕೈಪಿಡಿ, ಆಕರಗಳನ್ನು ದಾಖಲಿಸಲು ಒಂದು ನೋಟ್‌ಬುಕ್ ಅಥವಾ ಜೊಟೆರೊದಂಥ ಉಚಿತ ತಂತ್ರಾಂಶ, ಪುಟಗಳ ಚಿತ್ರ ತೆಗೆಯಲು ಮೊಬೈಲು, ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡುವ ವ್ಯವಸ್ಥೆ, ಅನುಮತಿ ಪತ್ರಗಳಿಗೆಂದೇ ಒಂದು ಕಡತ. ಜೊಟೆರೊ ಬಳಸುವವರು ಲೇಖಕರ ಹೆಸರನ್ನು ಎರಡು ಅಂಕಣಗಳಲ್ಲಿ ಒಡೆಯದೆ ಒಂದೇ ಅಂಕಣದ ಆಯ್ಕೆಯನ್ನು ಬಳಸುವುದು ಒಳ್ಳೆಯದು. ಕುಲನಾಮವಿಲ್ಲದ ನಮ್ಮ ಹೆಸರುಗಳನ್ನು ಎರಡಾಗಿ ಹಂಚಿದರೆ ಪಟ್ಟಿಯಲ್ಲಿ ಲೇಖಕರ ಗುರುತೇ ಸಿಗದಂತಾಗುತ್ತದೆ.

ಹಂತ 1: ಶೈಲಿಯನ್ನು ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳುವುದು

ಕೈಪಿಡಿ ಎಪಿಎ ಅಥವಾ ಎಂಎಲ್‌ಎ ಎಂಬ ಆಕರ ನಮೂದಿನ ಶೈಲಿಯನ್ನು ಹೇಳಿದ್ದರೆ ಅದನ್ನೇ ಪಾಲಿಸಬೇಕು. ಹೇಳದಿದ್ದರೆ ಅಡಿಟಿಪ್ಪಣಿ ಪದ್ಧತಿಯನ್ನೋ ಆವರಣದೊಳಗೆ ಹೆಸರು, ವರ್ಷ, ಪುಟ ಕೊಡುವ ಪದ್ಧತಿಯನ್ನೋ ಮಾರ್ಗದರ್ಶಕರನ್ನು ಕೇಳಿ ನಿಶ್ಚಯಿಸಿಕೊಳ್ಳಿ. ಯಾವ ಪದ್ಧತಿ ಎಂಬುದಕ್ಕಿಂತ ಮೊದಲ ಅಧ್ಯಾಯದಲ್ಲಿ ಒಂದು, ಮೂರನೆಯದರಲ್ಲಿ ಇನ್ನೊಂದು ಆಗದಿರುವುದು ಮುಖ್ಯ.

ಆ ಶೈಲಿಗಳು ಕನ್ನಡದ ಹೆಸರುಗಳನ್ನೂ ಕನ್ನಡದ ಸಂಕ್ಷೇಪಗಳನ್ನೂ ಮನಸ್ಸಿನಲ್ಲಿಟ್ಟು ರೂಪುಗೊಂಡವಲ್ಲವಾದ್ದರಿಂದ, ಕೆಲವು ತೀರ್ಮಾನಗಳನ್ನು ವಿದ್ಯಾರ್ಥಿಯೇ ಮಾಡಿಕೊಂಡು ಒಂದು ಪುಟದಲ್ಲಿ ಬರೆದಿಡಬೇಕಾಗುತ್ತದೆ. ಇನಿಷಿಯಲ್ಲುಗಳು ಹೆಸರಿನ ಹಿಂದೆ ಬರಬೇಕೋ ಮುಂದೆಯೋ? ಕಾವ್ಯನಾಮದಿಂದಲೇ ಪ್ರಸಿದ್ಧರಾದವರನ್ನು ಯಾವ ಹೆಸರಿನಡಿ ಸೇರಿಸಬೇಕು? ಪಟ್ಟಿ ಕನ್ನಡ ವರ್ಣಮಾಲೆಯ ಕ್ರಮದಲ್ಲಿದ್ದರೆ ಇಂಗ್ಲಿಷ್ ಪುಸ್ತಕಗಳು ಪ್ರತ್ಯೇಕ ವಿಭಾಗದಲ್ಲಿ ಬರುತ್ತವೆಯೇ? "ಸಂ." ಎಂಬ ಸಂಕ್ಷೇಪವನ್ನು ಸಂಪಾದಕರಿಗೂ ಸಂಪುಟಕ್ಕೂ ಸಂಚಿಕೆಗೂ ಒಂದೇ ಪ್ರಬಂಧದಲ್ಲಿ ಬಳಸಿರುವುದು ಎಷ್ಟು ಸಾಮಾನ್ಯವೆಂದರೆ, ಸಂಪಾದಕರಿಗೆ ಮಾತ್ರ ಅದನ್ನು ಇಟ್ಟುಕೊಂಡು ಉಳಿದೆರಡನ್ನು ಪೂರ್ತಿಯಾಗಿ ಬರೆಯುವುದೇ ಕ್ಷೇಮ. "ಅದೇ" ಮತ್ತು "ಪೂರ್ವೋಕ್ತ" ಎಂಬ ಅಡಿಟಿಪ್ಪಣಿಗಳನ್ನು ಕರಡಿನಲ್ಲಿ ಬಳಸಲೇಬೇಡಿ. ನಡುವೆ ಒಂದು ಹೊಸ ಟಿಪ್ಪಣಿ ಸೇರಿದರೂ "ಅದೇ" ಬೇರೆ ಪುಸ್ತಕವನ್ನು ತೋರಿಸತೊಡಗುತ್ತದೆ. ಪ್ರತಿ ಅಂತಿಮವಾದ ಮೇಲೆ ಬೇಕಾದಲ್ಲಿ ಬದಲಿಸಿಕೊಳ್ಳಬಹುದು.

ಹಂತ 2: ಓದುವ ಮುನ್ನ ಆಕರವನ್ನು ದಾಖಲಿಸುವುದು

ಪುಸ್ತಕ ಕೈಗೆ ಬಂದ ಕೂಡಲೇ, ಒಂದು ಸಾಲು ಓದುವುದಕ್ಕೂ ಮೊದಲು, ಅದರ ಶೀರ್ಷಿಕೆ ಪುಟವನ್ನೂ ಅದರ ಬೆನ್ನಿನ ಪ್ರಕಟಣಾ ವಿವರಗಳ ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಲೇಖಕರು, ಸಂಪಾದಕರು, ಅನುವಾದಕರು, ಪ್ರಕಾಶನ, ಊರು, ವರ್ಷ ಇವೆಲ್ಲ ಅಲ್ಲಿರುತ್ತವೆ. "ಹಕ್ಕುಗಳು: ಲೇಖಕರವು" ಎಂಬಂಥ ಸಾಲೂ ಅಲ್ಲಿಯೇ ಇರುತ್ತದೆ, ಅದು ಏಳನೆಯ ಹಂತದಲ್ಲಿ ಬೇಕಾಗುತ್ತದೆ. ಹೊದಿಕೆಯನ್ನು ನೋಡಿ ವಿವರ ಬರೆಯಬಾರದು.

ಮರುಮುದ್ರಣಕ್ಕೂ ಪರಿಷ್ಕೃತ ಆವೃತ್ತಿಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಗಮನಿಸಬೇಕು. ಕನ್ನಡದ ಅನೇಕ ಹಳೆಯ ಪುಸ್ತಕಗಳು ಹೊಸದಾಗಿ ಅಕ್ಷರಜೋಡಣೆಗೊಂಡು ಮರುಮುದ್ರಣವಾಗಿರುವುದರಿಂದ, ಪಠ್ಯ ಬದಲಾಗದಿದ್ದರೂ ಪುಟಸಂಖ್ಯೆ ಬದಲಾಗಿರುತ್ತದೆ. ಮೊದಲ ಮುದ್ರಣದ ವರ್ಷವನ್ನು ಕೊಟ್ಟು, ಕೈಯಲ್ಲಿರುವ ನಾಲ್ಕನೆಯ ಮುದ್ರಣದ ಪುಟಸಂಖ್ಯೆಯನ್ನು ಕೊಟ್ಟರೆ ಪರೀಕ್ಷಕರಿಗೆ ಆ ಮಾತು ಎಲ್ಲಿಯೂ ಸಿಗುವುದಿಲ್ಲ. ಬಳಸಿದ ಮುದ್ರಣದ ವರ್ಷವನ್ನು ಕೊಡಿ. ಮೊದಲ ಮುದ್ರಣದ ವರ್ಷ ವಾದಕ್ಕೆ ಮುಖ್ಯವಾಗಿದ್ದರೆ ಅದನ್ನೂ ಸೇರಿಸಿ.

ಇಂಟರ್ನೆಟ್ ಆರ್ಕೈವ್‌ನಂಥ ತಾಣದಲ್ಲಿ ಸಿಕ್ಕ ಸ್ಕ್ಯಾನ್ ಪ್ರತಿಯಾದರೆ ಆಕರ ಮುದ್ರಿತ ಪುಸ್ತಕವೇ. ಕೊಂಡಿಯನ್ನು ಹೆಚ್ಚುವರಿಯಾಗಿ ಕೊಡಿ. ಪಿಡಿಎಫ್‌ನ ಪುಟಸಂಖ್ಯೆಯೂ ಪುಸ್ತಕದ ಪುಟಸಂಖ್ಯೆಯೂ ಒಂದಲ್ಲ. ತೆರೆಯ ಮೇಲೆ 63 ಎಂದು ಕಾಣುವುದು ಮುದ್ರಿತ ಪುಟ 47 ಆಗಿರಬಹುದು.

ಹಂತ 3: ಟಿಪ್ಪಣಿಯಲ್ಲಿ ಮೂರು ಗುರುತುಗಳು

ಅರಿಯದೆ ಆಗುವ ಕೃತಿಚೌರ್ಯದ ಮೂಲ ಬರವಣಿಗೆಯಲ್ಲಿಲ್ಲ, ಟಿಪ್ಪಣಿಯಲ್ಲಿದೆ. ಪುಸ್ತಕದಿಂದ ಇದ್ದಹಾಗೆಯೇ ಇಳಿಸಿಕೊಂಡ ಮಾತಿಗೆ ಉದ್ಧರಣ ಚಿಹ್ನೆ ಹಾಕಿ "ಉ" ಎಂದೂ, ಲೇಖಕರ ವಿಚಾರವನ್ನು ಸ್ವಂತ ಮಾತಿನಲ್ಲಿ ಬರೆದುಕೊಂಡಿದ್ದರೆ "ಸಾ" ಎಂದೂ (ಸಾರಾಂಶ), ಓದುವಾಗ ತನಗೆ ಹೊಳೆದದ್ದಾಗಿದ್ದರೆ "ಸ್ವ" ಎಂದೂ ಗುರುತು ಮಾಡಿ. ಮೊದಲೆರಡಕ್ಕೆ ಪುಟಸಂಖ್ಯೆಯನ್ನು ಆಗಲೇ ಬರೆಯಿರಿ. ಯಾವ ಗುರುತೂ ಇಲ್ಲದ ಟಿಪ್ಪಣಿಯೊಂದು ಆರು ತಿಂಗಳ ನಂತರ ಸಿಕ್ಕಿದರೆ, ಮೂಲವನ್ನು ಮತ್ತೆ ನೋಡದೆ ಅದನ್ನು ಪ್ರಬಂಧದಲ್ಲಿ ಬಳಸಬಾರದು. ತನ್ನ ಶೈಲಿಗಿಂತ ಬಿಗಿಯಾದ, ತಾನು ಸಾಮಾನ್ಯವಾಗಿ ಬಳಸದ ಪದಗಳಿರುವ ವಾಕ್ಯ ಟಿಪ್ಪಣಿಯಲ್ಲಿ ಕಂಡರೆ ಅದು ಬಹುಮಟ್ಟಿಗೆ ಬೇರೊಬ್ಬರದೇ ಆಗಿರುತ್ತದೆ.

ಹಂತ 4: ಬರೆಯುವಾಗ ಉದ್ಧರಣೆ, ಸಾರಾಂಶ, ಅನುವಾದ

ಹೆಚ್ಚಿನ ಪ್ರಬಂಧಗಳು ಎಡವುವುದು ಈ ಹಂತದಲ್ಲಿ, ಅದರಲ್ಲೂ ಸಾರಾಂಶದಲ್ಲಿ. ಮೂಲದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: "ಕೆರೆಯ ದುರಸ್ತಿಗೆ ಬಿಟ್ಟ ಭೂಮಿಯ ಆದಾಯವು ಊರಿನವರ ಕೈಯಲ್ಲೇ ಉಳಿದಿದ್ದರಿಂದ, ಅರಸುಮನೆತನಗಳು ಬದಲಾದರೂ ಕೆರೆಯ ಆರೈಕೆ ನಿಲ್ಲಲಿಲ್ಲ." ವಿದ್ಯಾರ್ಥಿ ಬರೆಯುವುದು: "ಕೆರೆಯ ರಿಪೇರಿಗೆ ನೀಡಿದ ಜಮೀನಿನ ಉತ್ಪನ್ನವು ಗ್ರಾಮಸ್ಥರ ವಶದಲ್ಲೇ ಇದ್ದುದರಿಂದ, ರಾಜವಂಶಗಳು ಬದಲಾದರೂ ಕೆರೆಯ ಪಾಲನೆ ನಿಲ್ಲಲಿಲ್ಲ." ಪದಗಳು ಬದಲಾಗಿವೆ, ವಾಕ್ಯದ ಎಲುಬು ಹಾಗೆಯೇ ಇದೆ. ಕೊನೆಯಲ್ಲಿ ಆಕರವನ್ನು ಕೊಟ್ಟರೂ ಇದು ಸಾರಾಂಶವಲ್ಲ, ಉದ್ಧರಣ ಚಿಹ್ನೆ ತೆಗೆದ ಉದ್ಧರಣೆ.

ಸರಿಯಾದ ಸಾರಾಂಶ ಮೂಲದ ವಿಚಾರವನ್ನು ಪ್ರಬಂಧದ ವಾದದೊಳಗೆ ತಂದು ನಿಲ್ಲಿಸುತ್ತದೆ. "ಕೆರೆಗಳು ಬಾಳಿದ್ದಕ್ಕೆ ಅರಸರ ಔದಾರ್ಯಕ್ಕಿಂತ ಸ್ಥಳೀಯ ಆದಾಯದ ಏರ್ಪಾಟೇ ಕಾರಣವೆಂದು ಇಂಥವರು ವಾದಿಸುತ್ತಾರೆ, ಈ ಅಧ್ಯಾಯದಲ್ಲಿ ಪರಿಶೀಲಿಸಿದ ಶಾಸನಗಳು ಆ ವಾದವನ್ನು ಭಾಗಶಃ ಮಾತ್ರ ಸಮರ್ಥಿಸುತ್ತವೆ" ಎಂದು ಬರೆದು, ಲೇಖಕರ ಹೆಸರು, ವರ್ಷ, ಪುಟವನ್ನು ಮೊದಲ ಭಾಗದ ಕೊನೆಗೇ ಕೊಡಬೇಕು. ಆಗ ಎಲ್ಲಿಯವರೆಗೆ ಅವರ ಮಾತು, ಎಲ್ಲಿಂದ ಪ್ರಬಂಧಕಾರರ ಮಾತು ಎಂಬುದು ಓದುಗರಿಗೆ ಸ್ಪಷ್ಟವಾಗುತ್ತದೆ. ಇಡೀ ಪ್ಯಾರಾದ ಕೊನೆಯಲ್ಲಿ ಒಂದೇ ಆಕರವನ್ನು ಕೊಟ್ಟು ಬಿಡುವ ಅಭ್ಯಾಸ ಈ ಗಡಿಯನ್ನೇ ಅಳಿಸಿಬಿಡುತ್ತದೆ. ಇದಕ್ಕೆ ಸುಲಭದ ಉಪಾಯವೆಂದರೆ ಮೂಲವನ್ನು ಓದಿ, ಪುಸ್ತಕವನ್ನು ಮುಚ್ಚಿ ಸಾರಾಂಶ ಬರೆದು, ಆಮೇಲೆ ತೆರೆದು ಹೋಲಿಸಿ ನೋಡುವುದು.

ಉದ್ಧರಣೆಯಲ್ಲಿ ಮೂಲದ ಕಾಗುಣಿತ, ವಿರಾಮಚಿಹ್ನೆ, ಮುದ್ರಣದೋಷ ಯಾವುದನ್ನೂ ತಿದ್ದಬಾರದು. ಬಿಟ್ಟ ಭಾಗಕ್ಕೆ ಮೂರು ಚುಕ್ಕಿ ಹಾಕಿ, ಸೇರಿಸಿದ ಪದವನ್ನು ಚೌಕ ಆವರಣದಲ್ಲಿಡಿ. ಹಳಗನ್ನಡದ ಪದ್ಯದಲ್ಲಿ ಱ ಮತ್ತು ೞ ಅಕ್ಷರಗಳನ್ನು ರ ಮತ್ತು ಳ ಮಾಡುವುದು ಪಾಠವನ್ನೇ ಬದಲಿಸಿದಂತೆ.

ಇಂಗ್ಲಿಷ್ ಲೇಖನದ ಪ್ಯಾರಾಗಳನ್ನು ಕನ್ನಡಕ್ಕೆ ತಂದು ಆಕರವಿಲ್ಲದೆ ಸೇರಿಸುವುದು ಇಂದು ಅತಿ ಹೆಚ್ಚು ನಡೆಯುತ್ತಿರುವ ಚೌರ್ಯ ಎಂದು ನನಗೆ ಅನ್ನಿಸುತ್ತದೆ. ಯಂತ್ರಾನುವಾದ ಕೈಗೆಟುಕಿದ ಮೇಲಂತೂ ಅದಕ್ಕೆ ಶ್ರಮವೇ ಇಲ್ಲ. ಕನ್ನಡ ಪಠ್ಯವನ್ನು ಇಂಗ್ಲಿಷ್ ಮೂಲದೊಂದಿಗೆ ಹೋಲಿಸುವಲ್ಲಿ ತಂತ್ರಾಂಶ ಸೋಲಬಹುದು. ಆದರೆ ಆ ಇಂಗ್ಲಿಷ್ ಲೇಖನವನ್ನು ಓದಿರುವ ಪರೀಕ್ಷಕರು ಕರ್ಮಣಿ ಪ್ರಯೋಗಗಳ ಸಾಲನ್ನೂ ಕನ್ನಡದಲ್ಲಿ ಯಾರೂ ಬಳಸದ ಪದಜೋಡಣೆಯನ್ನೂ ಕಂಡು ಮೂಲವನ್ನು ಗುರುತಿಸಿಬಿಡುತ್ತಾರೆ. ಅನುವಾದಿಸಿದ ಮಾತೂ ಉದ್ಧರಣೆಯೇ ಆದ್ದರಿಂದ ಅದಕ್ಕೆ ಉದ್ಧರಣ ಚಿಹ್ನೆ, ಮೂಲದ ಪುಟ, ಜೊತೆಗೆ "ಅನುವಾದ ಪ್ರಬಂಧಕಾರರದು" ಎಂಬ ಸೂಚನೆ ಇರಬೇಕು.

ಇನ್ನು ನೋಡದ ಪುಸ್ತಕದ ವಿಚಾರ. ಒಬ್ಬ ವಿಮರ್ಶಕರು ತಮ್ಮ ಲೇಖನದಲ್ಲಿ ಬೇರೊಬ್ಬರ ಮಾತನ್ನು ಉದ್ಧರಿಸಿದ್ದರೆ, ಸಾಧ್ಯವಾದಲ್ಲಿ ಆ ಮೂಲವನ್ನೇ ಹುಡುಕಿ ನೋಡಬೇಕು. ಸಿಗದಿದ್ದರೆ "ಇಂಥವರ ಲೇಖನದಲ್ಲಿ ಉದ್ಧೃತ" ಎಂದು ಒಪ್ಪಿಕೊಂಡು ಬರೆಯಬೇಕು. ಮೊದಲಿನವರ ಅಡಿಟಿಪ್ಪಣಿಯನ್ನು ಹಾಗೆಯೇ ಎತ್ತಿಕೊಂಡರೆ ಅವರ ಮುದ್ರಣದೋಷಗಳೂ ಜೊತೆಯಲ್ಲೇ ಬರುತ್ತವೆ. ತಪ್ಪು ಪುಟಸಂಖ್ಯೆಯೊಂದು ಹೀಗೆ ಪ್ರಬಂಧದಿಂದ ಪ್ರಬಂಧಕ್ಕೆ ನಡೆದು ಬರುತ್ತದೆ. ಕೃತಕ ಬುದ್ಧಿಮತ್ತೆಯ ಸಂವಾದ ತಂತ್ರಾಂಶಗಳು ಕೊಡುವ ಆಕರಪಟ್ಟಿಯ ಅಪಾಯ ಇನ್ನೂ ದೊಡ್ಡದು. ಅವು ನಿಜವಾದ ಲೇಖಕರ ಹೆಸರಿಗೆ ಇಲ್ಲದ ಪುಸ್ತಕವನ್ನು ಅಂಟಿಸಿ, ನಂಬುವಂಥ ವರ್ಷವನ್ನೂ ಕೊಟ್ಟುಬಿಡುತ್ತವೆ. ಕಣ್ಣಾರೆ ಕಾಣದ ಆಕರ ಪಟ್ಟಿಗೆ ಸೇರಕೂಡದು.

ಹಂತ 5: ಪುಟಸಂಖ್ಯೆ ಸಾಲದ ಆಕರಗಳು

ಹಳೆಯ ಕಾವ್ಯಗಳಿಗೆ ಸಂಪಾದಿತ ಆವೃತ್ತಿಗಳು ಹಲವು ಇರುವುದರಿಂದ ಪುಟಕ್ಕಿಂತ ಪದ್ಯದ ಸ್ಥಾನ ಮುಖ್ಯ. ಪಂಪಭಾರತವಾದರೆ ಆಶ್ವಾಸ ಮತ್ತು ಪದ್ಯಸಂಖ್ಯೆ, ಕುಮಾರವ್ಯಾಸಭಾರತವಾದರೆ ಪರ್ವ, ಸಂಧಿ, ಪದ್ಯ. ಯಾವ ಸಂಪಾದಕರ ಪಾಠವೆಂಬುದನ್ನು ಆಕರಪಟ್ಟಿಯಲ್ಲಿ ತಪ್ಪದೆ ಹೇಳಬೇಕು. ವಚನಗಳಿಗೆ ವಚನಕಾರರ ಹೆಸರು, ಸಂಪುಟ, ವಚನಸಂಖ್ಯೆ ಬೇಕು. ನೆನಪಿನಿಂದಲೋ ಮೊಬೈಲಿಗೆ ಬಂದ ಸಂದೇಶದಿಂದಲೋ ವಚನವನ್ನು ಇಳಿಸುವುದರಿಂದ ಪಾಠ ಕೆಡುವುದಷ್ಟೇ ಅಲ್ಲ, ಒಬ್ಬರ ವಚನ ಇನ್ನೊಬ್ಬರ ಹೆಸರಿಗೆ ಹೋಗುವುದೂ ಉಂಟು. ವಚನದಲ್ಲಿ ಬರುವ ಅಂಕಿತವನ್ನು (ವಚನಕಾರರ ಗುರುತಿನ ಹೆಸರು) ನೋಡಿದರೆ ಇದು ಕೂಡಲೇ ತಿಳಿಯುತ್ತದೆ.

ಶಾಸನಗಳಲ್ಲಿ ಒಂದು ವಿಶೇಷವಾದ ಬಲೆ ಇದೆ. ಬಿ.ಎಲ್. ರೈಸ್ ಅವರ ಕಾಲದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಸಂಗ್ರಹದ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾಲಯ 1972ರಿಂದೀಚೆಗೆ ಹೊರತಂದ ಪರಿಷ್ಕೃತ ಸಂಪುಟಗಳಿಗೂ ಸಂಪುಟದ ಸಂಖ್ಯೆ, ತಾಲ್ಲೂಕಿನೊಳಗಿನ ಶಾಸನದ ಸಂಖ್ಯೆ ಎರಡೂ ಹೊಂದಿಕೆಯಾಗುವುದಿಲ್ಲ. ಬರಿಯ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ ಇಷ್ಟನ್ನೇ ಬರೆದರೆ ಓದುಗರು ಬೇರೆಯೇ ಶಾಸನಕ್ಕೆ ಹೋಗಿ ನಿಲ್ಲುತ್ತಾರೆ. ಹಳೆಯದೋ ಪರಿಷ್ಕೃತವೋ, ಸಂಪುಟ, ತಾಲ್ಲೂಕು, ಶಾಸನಸಂಖ್ಯೆ, ಊರು, ಕಾಲ ಇವಿಷ್ಟನ್ನೂ ಕೊಡಬೇಕು. ಓಲೆಗರಿಯಾದರೆ ಸಂಗ್ರಹಾಲಯದ ಹೆಸರು, ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಗರಿಯ ಯಾವ ಬದಿ ಎಂಬುದು ಬೇಕು.

ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಹಾಡು, ಕಥೆಗಳಿಗೆ ವಕ್ತೃವಿನ (ಹಾಡಿದ ಅಥವಾ ಹೇಳಿದವರ) ಹೆಸರು, ವಯಸ್ಸು, ಊರು, ದಾಖಲಿಸಿದ ದಿನಾಂಕ ಕೊಡುವುದು ವಾಡಿಕೆ. ಅವರ ಹೆಸರನ್ನು ಅಚ್ಚುಹಾಕಲು ಒಪ್ಪಿಗೆ ಇದೆಯೇ ಎಂದು ಧ್ವನಿಮುದ್ರಣದ ಆರಂಭದಲ್ಲೇ ಕೇಳಿ, ಅವರ ಉತ್ತರವೂ ಅದರಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಹಾಡು ಪರಂಪರೆಯದಾದರೂ ಅದನ್ನು ಹಾಡಿದವರಿಗೆ ಪ್ರದರ್ಶಕರ ಹಕ್ಕು ಇದೆ, ಅದರ ಅವಧಿ 50 ವರ್ಷ. ಬೇರೊಬ್ಬ ಸಂಗ್ರಾಹಕರ ಸಂಕಲನದಿಂದ ತೆಗೆದ ತ್ರಿಪದಿಯನ್ನು ತಾನೇ ಊರಿನಲ್ಲಿ ಕೇಳಿದ್ದೆಂಬಂತೆ ಬರೆಯುವುದು ಜಾನಪದ ಪ್ರಬಂಧಗಳಲ್ಲಿ ಹಳೆಯ ರೋಗ.

ಜಾಲತಾಣವಾದರೆ ನೋಡಿದ ದಿನಾಂಕವನ್ನು ಸೇರಿಸಿ, ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ.

ಹಂತ 6: ಹಕ್ಕುಸ್ವಾಮ್ಯ ಇದೆಯೇ ಎಂದು ನೋಡುವುದು

ಸಾಹಿತ್ಯ ಕೃತಿಯ ಹಕ್ಕು ಭಾರತದಲ್ಲಿ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2024ರ ಆರಂಭದಿಂದ ಮುಕ್ತವಾಗಿವೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಹಕ್ಕು ಉಂಟು. ಮರಣಾನಂತರ ಮೊದಲ ಬಾರಿಗೆ ಪ್ರಕಟವಾದ ಕೃತಿಗೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ ಎಣಿಸಬೇಕು.

ಕಾವ್ಯ ಸಾವಿರ ವರ್ಷ ಹಳೆಯದಾದ ಮಾತ್ರಕ್ಕೆ ಕೈಯಲ್ಲಿರುವ ಪುಸ್ತಕವೆಲ್ಲ ಮುಕ್ತವೆಂದು ತಿಳಿಯಬಾರದು. ಮೂಲಪದ್ಯ ಎಲ್ಲರದು, ಸಂಪಾದಕರ ಪೀಠಿಕೆ, ಟಿಪ್ಪಣಿ, ಹೊಸಗನ್ನಡ ಗದ್ಯಾನುವಾದ ಅವರದು. ಪಠ್ಯ ಸಾರ್ವಜನಿಕವಾಗಿದ್ದರೂ ಅದಕ್ಕೆ ಸಂಪಾದಕರು ತಮ್ಮ ವಿವೇಚನೆಯಿಂದ ಸೇರಿಸಿದ ಭಾಗಕ್ಕೆ ರಕ್ಷಣೆ ಉಂಟೆಂಬುದನ್ನು ಸುಪ್ರೀಂ ಕೋರ್ಟು 2007ರಲ್ಲಿ, ತೀರ್ಪುಗಳ ಸಂಪಾದಿತ ಪ್ರಕಟಣೆಗೆ ಸಂಬಂಧಿಸಿದ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಹಕ್ಕು ಇರುವ ಕೃತಿಯಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಇದರ ಅರ್ಥವಲ್ಲ. ಕಾಯಿದೆಯ 52ನೆಯ ಕಲಮು ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆಗೆ, ವಿಮರ್ಶೆಗೆ, ವಿಶ್ಲೇಷಣೆಗೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಎಷ್ಟು ಪದ, ಎಷ್ಟು ಶೇಕಡಾ ಎಂಬ ಮಿತಿ ಅದರಲ್ಲಿಲ್ಲ. "ಶೇಕಡಾ 10ರವರೆಗೆ ನಕಲು ಮಾಡಬಹುದು" ಎಂದು ಹಾಸ್ಟೆಲಿನಿಂದ ಹಾಸ್ಟೆಲಿಗೆ ಹರಡಿರುವ ಮಾತು ಎಂಟನೆಯ ಹಂತದಲ್ಲಿ ಬರುವ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮವನ್ನು ಹಕ್ಕುಸ್ವಾಮ್ಯಕ್ಕೆ ತಪ್ಪಾಗಿ ಹಚ್ಚಿದ್ದು. ಕೇಳಬೇಕಾದ ಪ್ರಶ್ನೆಗಳು ಬೇರೆ: ಉದ್ಧರಿಸಿದ ಪ್ರತಿ ಭಾಗವನ್ನೂ ಪ್ರಬಂಧ ಚರ್ಚಿಸುತ್ತದೆಯೇ? ಇದನ್ನು ಓದಿದವರಿಗೆ ಮೂಲ ಪುಸ್ತಕವನ್ನು ಕೊಳ್ಳುವ ಅಗತ್ಯವೇ ಇಲ್ಲವಾಗುತ್ತದೆಯೇ? ಹದಿನಾಲ್ಕು ಸಾಲಿನ ಕವಿತೆಯನ್ನು ಇಡಿಯಾಗಿ ಕೊಟ್ಟು ಸಾಲುಸಾಲಾಗಿ ವಿಶ್ಲೇಷಿಸುವುದಕ್ಕೂ ಅದನ್ನು ಅಧ್ಯಾಯದ ಅಲಂಕಾರಕ್ಕೆಂದು ಇಡುವುದಕ್ಕೂ ಅಂತರವಿದೆ.

ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಕೊಟ್ಟ ತೀರ್ಪನ್ನು ಕೆಲವರು ಎಲ್ಲಕ್ಕೂ ಪರವಾನಗಿ ಎಂಬಂತೆ ಎತ್ತಿಹೇಳುತ್ತಾರೆ. ಆ ತೀರ್ಪು ನಕಲನ್ನು ಒಪ್ಪಿದ್ದು ಬೋಧನೆಯ ಅಂಗವಾಗಿ ಸಿದ್ಧಪಡಿಸಿದ ಓದುಸಾಮಗ್ರಿಯ ವಿಷಯದಲ್ಲಿ. ಪ್ರಬಂಧವನ್ನು ಪುಸ್ತಕವಾಗಿ ಮಾರುವುದಕ್ಕೆ ಅದು ಅನ್ವಯಿಸುವುದಿಲ್ಲ.

ಚಿತ್ರಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. "ಕೃಪೆ: ಗೂಗಲ್" ಎಂಬುದು ಆಕರವೂ ಅಲ್ಲ, ಅನುಮತಿಯೂ ಅಲ್ಲ. ಹಕ್ಕುದಾರರೇ ಷರತ್ತುಗಳೊಡನೆ ಬಳಕೆಗೆ ಬಿಟ್ಟಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರವಾದರೆ ಛಾಯಾಗ್ರಾಹಕರ ಹೆಸರು, ಪರವಾನಗಿಯ ಬಗೆ, ಕೊಂಡಿ ಮೂರನ್ನೂ ಕೊಡಬೇಕು. ಆ ಪರವಾನಗಿಗಳಲ್ಲಿ ವಾಣಿಜ್ಯ ಬಳಕೆಯನ್ನು ನಿಷೇಧಿಸುವುವೂ ಇವೆ, ಬದಲಾವಣೆಯನ್ನು ನಿಷೇಧಿಸುವುವೂ ಇವೆ. ಎರಡನೆಯ ಬಗೆಯ ಲೇಖನವನ್ನು ಕನ್ನಡಕ್ಕೆ ಅನುವಾದಿಸಿ ಹಂಚಲು ಅವಕಾಶವಿಲ್ಲ.

ಹಂತ 7: ಅನುಮತಿ ಕೇಳುವುದು

ಇಡೀ ಕವಿತೆ, ಕಥೆ, ಛಾಯಾಚಿತ್ರ, ನಕಾಶೆ, ಅಪ್ರಕಟಿತ ಪತ್ರ ಇವುಗಳನ್ನು ಅನುಬಂಧದಲ್ಲಿ ಸೇರಿಸುವುದಾದರೆ ಸಲ್ಲಿಕೆಗೆ ತಿಂಗಳುಗಟ್ಟಲೆ ಮೊದಲೇ ಬರೆದು ಕೇಳಬೇಕು. ಯಾರನ್ನು ಕೇಳಬೇಕೆಂಬುದಕ್ಕೆ ಎರಡನೆಯ ಹಂತದಲ್ಲಿ ತೆಗೆದ ಚಿತ್ರವನ್ನು ನೋಡಿ. ಹಕ್ಕು ಲೇಖಕರದೋ ಪ್ರಕಾಶಕರದೋ ವಾರಸುದಾರರದೋ ಅಲ್ಲಿ ತಿಳಿಯುತ್ತದೆ. ಪತ್ರದಲ್ಲಿ ಕೃತಿಯ ಹೆಸರು, ಯಾವ ಪುಟದಿಂದ ಯಾವ ಪುಟದವರೆಗೆ, ಪ್ರಬಂಧದ ಶೀರ್ಷಿಕೆ, ವಿಶ್ವವಿದ್ಯಾಲಯ, ಮುದ್ರಿತ ಪ್ರತಿಯೋ ಜಾಲದಲ್ಲಿಯೂ ಇರುತ್ತದೆಯೋ, ಕೃತಜ್ಞತೆಯ ಸಾಲು ಹೇಗಿರಬೇಕು ಎಂಬುದೆಲ್ಲ ಸ್ಪಷ್ಟವಾಗಿರಲಿ. ಪಿಎಚ್‌ಡಿ ಪ್ರಬಂಧ ಶೋಧಗಂಗಾ ಎಂಬ ಪ್ರಬಂಧಗಳ ಜಾಲಭಂಡಾರದಲ್ಲಿ ಎಲ್ಲರಿಗೂ ತೆರೆದಿರುತ್ತದೆ ಎಂಬುದನ್ನು ಹೇಳದೆ ಪಡೆದ ಅನುಮತಿ ಅರ್ಧ ಅನುಮತಿ. ಫೋನಿನಲ್ಲಿ "ಆಗಲಿ, ಬಳಸಿಕೊಳ್ಳಿ" ಎಂದವರಿಂದಲೂ ಎರಡು ಸಾಲನ್ನು ಲಿಖಿತವಾಗಿ ಪಡೆಯಿರಿ. ಉತ್ತರ ಬಾರದಿದ್ದರೆ ಆ ಭಾಗವನ್ನು ಚರ್ಚೆಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳಬೇಕು.

ಹಂತ 8: ಸಾಮ್ಯತೆಯ ತಪಾಸಣೆ

ಸಾಮ್ಯತೆಯೆಂದರೆ ಪ್ರಬಂಧದ ಪಠ್ಯ ಬೇರೆ ಬರಹಗಳೊಂದಿಗೆ ಎಷ್ಟು ಹೊಂದುತ್ತದೆ ಎಂದು ತಂತ್ರಾಂಶ ತೋರಿಸುವ ಪ್ರಮಾಣ. ಯುಜಿಸಿಯ 2018ರ ನಿಯಮಾವಳಿಯಂತೆ ಶೇಕಡಾ 10ರವರೆಗಿನ ಸಾಮ್ಯತೆಗೆ ದಂಡನೆಯಿಲ್ಲ. 10ಕ್ಕಿಂತ ಮೇಲೆ 40ರವರೆಗೆ ಆದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿದ ಪ್ರತಿಯನ್ನು ಕೊಡಬೇಕು, 40ಕ್ಕಿಂತ ಮೇಲೆ 60ರವರೆಗೆ ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರ ಕೊಟ್ಟು ಮಾಡಿದ ಉದ್ಧರಣೆ, ಗ್ರಂಥಸೂಚಿ, ವಿಷಯಾನುಕ್ರಮ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರೂ ಬಳಸುವ ಅಥವಾ ಆಕಸ್ಮಿಕವಾಗಿ ಹೊಂದಿಕೊಂಡ ಪದಸರಣಿಗೆ ಸತತ 14 ಪದಗಳವರೆಗೆ ವಿನಾಯಿತಿ ಇದೆ.

ಕನ್ನಡ ಪ್ರಬಂಧಗಳಲ್ಲಿ ಈ ಶೇಕಡಾವನ್ನೇ ನಂಬಿ ಕೂರುವಂತಿಲ್ಲ. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಕಡತ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದರಿಂದ ಸಾಮ್ಯತೆ ಸೊನ್ನೆಯ ಹತ್ತಿರ ಬರುತ್ತದೆ. ಆ ಸೊನ್ನೆ ಪ್ರಾಮಾಣಿಕತೆಯ ಪ್ರಮಾಣಪತ್ರವಲ್ಲ. ಯುನಿಕೋಡ್‌ಗೆ ಪರಿವರ್ತಿಸಿಯೇ ತಪಾಸಣೆಗೆ ಕೊಡಬೇಕು. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಹಳಗನ್ನಡದ ಅಕ್ಷರಗಳು ಕೆಟ್ಟಿವೆಯೇ ಎಂದು ಉದ್ಧರಣೆಗಳನ್ನೆಲ್ಲ ಮೂಲದೊಂದಿಗೆ ಹೋಲಿಸಬೇಕು. ಕನ್ನಡದ ಬಹುಪಾಲು ಪುಸ್ತಕಗಳು ಜಾಲದಲ್ಲಿ ಹುಡುಕಬಲ್ಲ ಪಠ್ಯವಾಗಿ ಇಲ್ಲವೇ ಇಲ್ಲ ಎಂಬುದೂ ನೆನಪಿರಲಿ. ಇನ್ನೊಂದು ಕಡೆ, ಶಾಸನಗಳನ್ನೂ ವಚನಗಳನ್ನೂ ಹೇರಳವಾಗಿ ಉದ್ಧರಿಸಿದ ಪ್ರಾಮಾಣಿಕ ಪ್ರಬಂಧಕ್ಕೆ ಹೆಚ್ಚಿನ ಶೇಕಡಾ ಬರಬಹುದು. ಆಗ ಗಾಬರಿಯಿಂದ ಉದ್ಧರಣೆಯ ಪದಗಳನ್ನು ಬದಲಿಸತೊಡಗಬೇಡಿ. ವರದಿಯನ್ನು ಪುಟಪುಟವಾಗಿ ನೋಡಿ, ಯಾವುದು ಉದ್ಧರಣೆ ಎಂಬುದನ್ನು ಮಾರ್ಗದರ್ಶಕರಿಗೆ ತೋರಿಸಿ.

ಹಂತ 9: ಪಠ್ಯ ಮತ್ತು ಪಟ್ಟಿಯನ್ನು ತಾಳೆ ನೋಡುವುದು

ಮುದ್ರಿಸಿದ ಪ್ರತಿಯನ್ನು ಇಟ್ಟುಕೊಂಡು, ಪಠ್ಯದೊಳಗಿನ ಒಂದೊಂದು ಆಕರವನ್ನೂ ಪಟ್ಟಿಯಲ್ಲಿ ಗುರುತು ಮಾಡುತ್ತ ಹೋಗಿ. ಪಠ್ಯದಲ್ಲಿದ್ದು ಪಟ್ಟಿಯಲ್ಲಿಲ್ಲದ್ದನ್ನು ಸೇರಿಸಬೇಕು. ಪಟ್ಟಿಯಲ್ಲಿದ್ದು ಪಠ್ಯದಲ್ಲೆಲ್ಲೂ ಇಲ್ಲದ್ದನ್ನು ತೆಗೆಯಬೇಕು ಅಥವಾ, ಕೈಪಿಡಿ ಒಪ್ಪಿದರೆ, ಪೂರಕ ಓದು ಎಂಬ ಬೇರೆ ವಿಭಾಗಕ್ಕೆ ಸಾಗಿಸಬೇಕು. ಒಂದೇ ಪುಸ್ತಕಕ್ಕೆ ಎರಡು ವರ್ಷ, ಒಬ್ಬರೇ ಲೇಖಕರಿಗೆ ಎರಡು ಬಗೆಯ ಕಾಗುಣಿತ, ಪುಟವಿಲ್ಲದ ಉದ್ಧರಣೆ ಇವು ಹೊರಬೀಳುವುದು ಈ ತಾಳೆಯಲ್ಲಿಯೇ. ಕೆಲವು ಉದ್ಧರಣೆಗಳನ್ನು ಅಲ್ಲಲ್ಲಿ ಆಯ್ದು ಮೂಲ ಪುಸ್ತಕದಲ್ಲಿ ಮತ್ತೊಮ್ಮೆ ನೋಡಿ. ಅವುಗಳಲ್ಲಿ ಒಂದೆರಡು ತಪ್ಪಿದ್ದರೆ ಎಲ್ಲವನ್ನೂ ನೋಡಬೇಕು.

ಪದವಿ ಬಂದ ಮೇಲೆ ಪ್ರಬಂಧವನ್ನು ಪುಸ್ತಕವಾಗಿ ತರುವುದಾದರೆ ಆರನೆಯ ಮತ್ತು ಏಳನೆಯ ಹಂತಗಳನ್ನು ಹೊಸದಾಗಿ ಮಾಡಬೇಕಾಗುತ್ತದೆ. ಪ್ರಬಂಧಕ್ಕೆಂದು ಪಡೆದ ಅನುಮತಿ ಮಾರಾಟದ ಪುಸ್ತಕವನ್ನು ಒಳಗೊಂಡಿರುವುದಿಲ್ಲ, ಸಂಶೋಧನೆಗೆಂದು ನ್ಯಾಯಯುತವಾಗಿದ್ದ ಉದ್ದನೆಯ ಉದ್ಧರಣೆ ಅಂಗಡಿಯ ಪುಸ್ತಕದಲ್ಲಿ ಹಾಗಿರಲಾರದು. ಅನುಮತಿ ಪತ್ರಗಳ ಕಡತವನ್ನು ಪ್ರಕಾಶಕರ ಮುಂದಿಟ್ಟು, ಯಾವ ಚಿತ್ರ, ಯಾವ ಅನುಬಂಧಕ್ಕೆ ಮತ್ತೆ ಬರೆಯಬೇಕೆಂದು ಅಕ್ಷರಜೋಡಣೆ ಆರಂಭವಾಗುವ ಮೊದಲೇ ಗೊತ್ತುಮಾಡಿಕೊಳ್ಳಿ.